ಹೊರಡುವ ಮುನ್ನ ವಾಪಸ್ ಬರುವ ದಾರಿ ನೋಡಿ

ಮಾನ್ಯ ಸಂಪಾದಕರೇ,

ಯಾವುದಾದರೂ ದೇಶದಲ್ಲಿ ಗಲಾಟೆ ಎಂಬ ಸುದ್ದಿ ಬಂದ ಕೂಡಲೇ ಬಸವನಗುಡಿ, ಮಲ್ಲೇಶ್ವರದ ಟ್ರಾವೆಲ್ ಕಚೇರಿಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: ‘ಈಗ ಹೋಗಬಹುದಾ?’ ಇದಕ್ಕೆ ‘ಏನೂ ಆಗಲ್ಲ ಬನ್ನಿ’ ಎಂದು ಥಟ್ಟನೆ ಹೇಳುವವರನ್ನು ದಯವಿಟ್ಟು ನಂಬಬೇಡಿ. ಅಲ್ಲಿನ ವಿಮಾನ ನಿಲ್ದಾಣ ಎರಡು ದಿನ ಮುಚ್ಚಿದರೆ ಯಾವ ದಾರಿಯಲ್ಲಿ ಬರುತ್ತೇವೆ, ಆ ಖರ್ಚು ಯಾರದು ಎಂದು ಕೇಳಿ. ಉತ್ತರ ಸಿಗದಿದ್ದರೆ ಹೊರಡಬೇಡಿ.

ನಮ್ಮವರು ಹೆಚ್ಚಾಗಿ ಹೋಗುವ ನೇಪಾಳವನ್ನೇ ನೋಡಿ. 2025ರ ಸೆಪ್ಟೆಂಬರ್ 4ರಂದು ಅಲ್ಲಿನ ಸರ್ಕಾರ 26 ಸಾಮಾಜಿಕ ಜಾಲತಾಣಗಳನ್ನು ನಿಷೇಧಿಸಿತು. 8ರಂದು ಯುವಜನರು ಬೀದಿಗಿಳಿದರು, ಗುಂಡು ಹಾರಿತು. 9ರಂದು ಪ್ರಧಾನಿ ಓಲಿ ರಾಜೀನಾಮೆ ಕೊಟ್ಟರು, ಸಂಸತ್ ಭವನಕ್ಕೂ ಸರ್ಕಾರದ ಆಡಳಿತ ಕೇಂದ್ರವಾದ ಸಿಂಹ ದರ್ಬಾರಿಗೂ ಬೆಂಕಿ ಬಿತ್ತು, ಕಠ್ಮಂಡುವಿನ ತ್ರಿಭುವನ್ ವಿಮಾನ ನಿಲ್ದಾಣ ಮುಚ್ಚಿತು. ಮತ್ತೆ ತೆರೆದದ್ದು 10ರ ಸಂಜೆ. ದೊಡ್ಡ ಹೋಟೆಲಾದರೆ ಭಯವಿಲ್ಲ ಎಂದು ನಂಬುವವರು ಒಂದು ವಿಷಯ ಗಮನಿಸಬೇಕು: ಕಠ್ಮಂಡುವಿನಲ್ಲಿ 9ರಂದು ಸುಟ್ಟುಹೋದದ್ದು ಹಿಲ್ಟನ್ ಹೋಟೆಲು. ಪಶುಪತಿನಾಥ ದೇವಸ್ಥಾನ, ವಿಮಾನ ನಿಲ್ದಾಣ, ಸಂಸತ್ತು ಇದ್ದ ನ್ಯೂ ಬಾನೇಶ್ವರ ಮೂರೂ ಕೆಲವೇ ಕಿಲೋಮೀಟರ್ ಅಂತರದಲ್ಲಿವೆ. ಆದ್ದರಿಂದ ಕೋಣೆ ಬುಕ್ ಮಾಡುವಾಗ ನಕ್ಷೆ ತೆರೆದು, ನಿಲ್ದಾಣದಿಂದ ಹೋಟೆಲಿಗೆ ಹೋಗುವ ರಸ್ತೆ ಯಾವ ಯಾವ ಸರ್ಕಾರಿ ಕಟ್ಟಡಗಳ ಮುಂದೆ ಹಾಯುತ್ತದೆ ಎಂದು ನೋಡಿಕೊಳ್ಳಬೇಕು.

ಮುಕ್ತಿನಾಥಕ್ಕೆ ಹೋಗುವವರ ಲೆಕ್ಕ ಬೇರೆ. ಪೊಖರಾದಿಂದ ಮುಕ್ತಿನಾಥದ ದಾರಿಯ ಜೋಮ್‌ಸೋಮ್‌ಗೆ ವಿಮಾನ ಹಾರುವುದು ಬೆಳಗಿನ ಹೊತ್ತು ಮಾತ್ರ. ಬಿಸಿಲೇರಿದರೆ ಕಣಿವೆಯಲ್ಲಿ ಗಾಳಿ ಜೋರಾಗುತ್ತದೆ. ಬೆಳಿಗ್ಗೆ ನಾಲ್ಕು ತಾಸು ಕರ್ಫ್ಯೂ ಹಾಕಿದರೂ ಇಡೀ ದಿನ ಕೈತಪ್ಪಿದಂತೆಯೇ. ಇಂಥ ಸಮಯದಲ್ಲಿ ವೇಳಾಪಟ್ಟಿಯಲ್ಲಿ ಎರಡು ದಿನವಾದರೂ ಖಾಲಿ ಬಿಡಬೇಕು. ಕಠ್ಮಂಡುವಿನಲ್ಲಿ ಗಲಾಟೆಯಾದರೆ ಪೊಖರಾದಲ್ಲಿರುವವರು ಮತ್ತೆ ರಾಜಧಾನಿಗೇ ಹೋಗಿ ವಿಮಾನ ಹಿಡಿಯಬೇಕಾಗಿಲ್ಲ. ಬುಟ್ವಲ್ ಮೇಲೆ ಸುನೌಲಿ ಗಡಿಗೆ ಇಳಿದರೆ ಅಲ್ಲಿಂದ ಗೋರಖ್‌ಪುರ ಸುಮಾರು ನೂರು ಕಿ.ಮೀ. ಆ ರಸ್ತೆ ಅಂದು ತೆರೆದಿದೆಯೇ ಎಂದು ಕಠ್ಮಂಡುವಿನ ಭಾರತೀಯ ರಾಯಭಾರ ಕಚೇರಿಗೆ ಫೋನ್ ಮಾಡಿ ಖಚಿತಪಡಿಸಿಕೊಂಡೇ ಹೊರಡಬೇಕು. ನೇಪಾಳ ಪ್ರಯಾಣಕ್ಕೆ 15ರಿಂದ 65 ವರ್ಷದವರಿಗೆ ಆಧಾರ್ ಸಾಕಾಗುವುದಿಲ್ಲ. ಮತದಾರರ ಗುರುತಿನ ಚೀಟಿ ಇಲ್ಲವೇ ಪಾಸ್‌ಪೋರ್ಟ್ ಬೇಕು. ಚೀಟಿ ಸಾಕಾದರೂ ಪಾಸ್‌ಪೋರ್ಟ್ ಒಯ್ಯುವುದೇ ಒಳ್ಳೆಯದು. ಮೂರನೇ ದೇಶದ ಮೂಲಕ ಬರಬೇಕಾದರೆ ಚೀಟಿಗೆ ಬೆಲೆ ಇಲ್ಲ.

ಹೋಗುವ ದೇಶ ತಣ್ಣಗಿದ್ದರೂ ನಡುವೆ ವಿಮಾನ ಬದಲಿಸುವ ಊರಿನ ಬಗ್ಗೆ ಯಾರೂ ಯೋಚಿಸುವುದಿಲ್ಲ. 2025ರ ಜೂನ್ 23ರ ಸಂಜೆ ಕತಾರ್ ತನ್ನ ವಾಯುಪ್ರದೇಶವನ್ನು ಕೆಲವು ಗಂಟೆ ಮುಚ್ಚಿತು. ದೋಹಾದಲ್ಲಿ ವಿಮಾನ ಬದಲಿಸಿ ಯುರೋಪ್, ಅಮೆರಿಕಕ್ಕೆ ಹೋಗುವವರೂ ಸಿಕ್ಕಿಹಾಕಿಕೊಂಡರು. ಎರಡು ವಿಮಾನಕ್ಕೂ ಒಂದೇ ಪಿಎನ್‌ಆರ್ ಇದ್ದರೆ ಮುಂದಿನ ಪ್ರಯಾಣದ ಹೊಣೆ ಕಂಪನಿಯದು. ಸಾವಿರ ರೂಪಾಯಿ ಉಳಿಸಲು ಬೇರೆ ಬೇರೆ ಟಿಕೆಟ್ ಕೊಂಡಿದ್ದರೆ ಎರಡನೆಯದರ ದುಡ್ಡು ಮುಳುಗಿದಂತೆ.

ದುಡ್ಡಿನ ವಿಷಯದಲ್ಲಿ ಹೆಚ್ಚು ಜನ ಎಡವುವುದು ಇಲ್ಲೇ. ಹೆದರಿ ನಾವೇ ಮೊದಲು ಟಿಕೆಟ್ ರದ್ದು ಮಾಡಿದರೆ ಕ್ಯಾನ್ಸಲೇಶನ್ ಶುಲ್ಕ ಕಡಿತವಾಗುತ್ತದೆ. ವಿಮಾನವನ್ನು ಕಂಪನಿಯೇ ರದ್ದು ಮಾಡಿದರೆ ಡಿಜಿಸಿಎ (ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ನಿಯಮದಂತೆ ಬದಲಿ ವಿಮಾನ ಅಥವಾ ಪೂರ್ತಿ ಹಣ ನಮ್ಮ ಹಕ್ಕು. ಏಜೆಂಟರ ಮೂಲಕ ಕೊಂಡಿದ್ದರೂ ಹಣ ಮರಳಿಸುವ ಹೊಣೆ ವಿಮಾನ ಕಂಪನಿಯದೇ. ಗಲಭೆ, ರಾಜಕೀಯ ಅಸ್ಥಿರತೆಯ ಕಾರಣಕ್ಕೆ ರದ್ದಾದರೆ ಮೇಲೆ ಪರಿಹಾರ ಸಿಗುವುದಿಲ್ಲ, ಟಿಕೆಟ್ ಹಣ ಮಾತ್ರ. ಹೀಗಾಗಿ ಹೋಟೆಲ್ ಬುಕಿಂಗನ್ನು ಉಚಿತ ರದ್ದತಿಯ ಗಡುವಿನೊಳಗೆ ರದ್ದು ಮಾಡಿಕೊಳ್ಳಿ. ವಿಮಾನದ ವಿಷಯದಲ್ಲಿ ಕಂಪನಿ ಶುಲ್ಕ ವಿನಾಯಿತಿ ಘೋಷಿಸುವವರೆಗೆ ಆದಷ್ಟು ಕಾಯಿರಿ. ವೀಸಾ ಶುಲ್ಕ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ.

ವಿಮೆ ಇದೆಯಲ್ಲ ಎಂದು ನೆಮ್ಮದಿಯಿಂದ ಕೂರುವವರು ಪಾಲಿಸಿಯ ‘ಹೊರಗಿಟ್ಟವು’ ಪುಟವನ್ನು ಒಮ್ಮೆ ಓದಬೇಕು. ಯುದ್ಧ, ಅಂತರ್ಯುದ್ಧ, ದಂಗೆ, ಕ್ರಾಂತಿ ಬಹುತೇಕ ಎಲ್ಲ ಪ್ರವಾಸ ವಿಮೆಗಳಲ್ಲೂ ಆ ಪುಟದಲ್ಲೇ ಇರುತ್ತವೆ. ಗಲಾಟೆ ಶುರುವಾದ ಮೇಲೆ ಕೊಂಡ ಪಾಲಿಸಿಗೆ ‘ಮೊದಲೇ ಗೊತ್ತಿದ್ದ ಸಂಗತಿ’ ಎಂಬ ಕಾರಣ ಕೊಟ್ಟು ಹಣ ನಿರಾಕರಿಸುತ್ತಾರೆ. ಭಯವಾಗಿ ಪ್ರವಾಸ ಕೈಬಿಟ್ಟೆ ಎಂದರೆ ಹಣ ಬರದು. ನಿಲ್ದಾಣ ಮುಚ್ಚಿದ ದಿನವೇ ಪಾಲಿಸಿಯ ಅವಧಿ ಮುಗಿದರೆ ಅದು ತಾನಾಗಿ ಮುಂದುವರಿಯುತ್ತದೆಯೇ ಎಂದು ಕೊಳ್ಳುವಾಗಲೇ ಲಿಖಿತವಾಗಿ ಕೇಳಿ.

ವಿದೇಶಾಂಗ ಸಚಿವಾಲಯದ ಸಲಹಾಸೂಚನೆಯ ಭಾಷೆ ಮೆದುವಾಗಿರುತ್ತದೆ, ಅದನ್ನು ಮೆದುವಾಗಿ ಓದಬಾರದು. 2022ರ ಫೆಬ್ರುವರಿ 15ರಂದು ಉಕ್ರೇನ್ ರಾಜಧಾನಿ ಕೀವ್‌ನ ನಮ್ಮ ರಾಯಭಾರ ಕಚೇರಿ, ಉಳಿಯುವುದು ಅನಿವಾರ್ಯವಲ್ಲದವರು, ಮುಖ್ಯವಾಗಿ ವಿದ್ಯಾರ್ಥಿಗಳು, ತಾತ್ಕಾಲಿಕವಾಗಿ ಹೊರಡುವುದನ್ನು ಪರಿಗಣಿಸಬಹುದು ಎಂದಿತು. 24ರಂದು ಉಕ್ರೇನ್ ವಾಯುಪ್ರದೇಶ ಮುಚ್ಚಿತು. ಸಿಕ್ಕಿದ್ದು ಒಂಬತ್ತು ದಿನ. ತರಗತಿ ತಪ್ಪೀತು, ಟಿಕೆಟ್ ದುಬಾರಿ ಎಂದು ಉಳಿದ ಮಕ್ಕಳು ಬಹಳ. ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಹಾವೇರಿಯ ವಿದ್ಯಾರ್ಥಿಯನ್ನು ಕಳೆದುಕೊಂಡೆವು. ‘ಅನಗತ್ಯ ಪ್ರಯಾಣ ಬೇಡ’ ಎಂದು ಸಚಿವಾಲಯ ಹೇಳಿದರೆ ಪ್ರವಾಸ, ಯಾತ್ರೆ, ಮಧುಚಂದ್ರ ಎಲ್ಲವೂ ಆ ಅನಗತ್ಯದಲ್ಲಿ ಸೇರುತ್ತವೆ.

ಹೋಗಲೇಬೇಕಾದವರು ರಾಯಭಾರ ಕಚೇರಿಯ ಸಹಾಯವಾಣಿ ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ಬಾಂಗ್ಲಾದೇಶದಲ್ಲಿ 2024ರ ಜುಲೈ 18ರಂದು ಇಂಟರ್‌ನೆಟ್ ಬಂದ್ ಆದಾಗ ಮೊಬೈಲ್ ಡೇಟಾ ಹತ್ತು ದಿನ ಬರಲಿಲ್ಲ. ವಾಟ್ಸ್ಆ್ಯಪ್ ಒಂದನ್ನೇ ನಂಬಿದರೆ ಮನೆಯವರು ಕಂಗಾಲಾಗುತ್ತಾರೆ. ರೋಮಿಂಗ್ ಹಾಕಿಸಿ, ದಿನಕ್ಕೊಂದು ಎಸ್‌ಎಂಎಸ್ ಎಂದು ಮೊದಲೇ ಮಾತಾಡಿಕೊಳ್ಳಿ. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ ಹತ್ತು ದಿನಕ್ಕಾಗುವಷ್ಟು ಹೆಚ್ಚಿಗೆ ಇರಲಿ. ವೈದ್ಯರ ಚೀಟಿಯಲ್ಲಿ ಕಂಪನಿಯ ಹೆಸರಲ್ಲ, ಔಷಧದ ಮೂಲ ಹೆಸರು ಬರೆಸಿ. ಎಟಿಎಂ ನಿಂತಾಗ ಮೂರು ದಿನ ಊಟ, ವಸತಿ ನಡೆಯುವಷ್ಟು ನಗದು ಕೈಲಿರಬೇಕು.

ತಮ್ಮ ಪತ್ರಿಕೆಗೂ ಒಂದು ಕೋರಿಕೆ. ‘ಹೊತ್ತಿ ಉರಿಯುತ್ತಿರುವ ದೇಶ’ ಎಂಬ ತಲೆಬರಹದ ಕೆಳಗೆ ನಾಲ್ಕು ಸಾಲು ಜಾಗ ಕೊಡಿ: ಗಲಾಟೆ ಯಾವ ಊರಿನಲ್ಲಿ, ನಿಲ್ದಾಣ ತೆರೆದಿದೆಯೇ, ಸಚಿವಾಲಯದ ಸೂಚನೆಯ ಪದಗಳೇನು, ರಾಯಭಾರ ಕಚೇರಿಯ ಸಹಾಯವಾಣಿ ಯಾವುದು. ಅಲ್ಲಿ ಸಿಕ್ಕಿಕೊಂಡವರ ಅಪ್ಪ ಅಮ್ಮ ಬೆಳಿಗ್ಗೆ ಮೊದಲು ಹುಡುಕುವುದು ಆ ನಾಲ್ಕು ಸಾಲನ್ನೇ.

— ಟಿಕೆಟ್ ಮತ್ತು ಪ್ರವಾಸ ವಿಮೆ ಕೆಲಸದವರು, ಬಸವನಗುಡಿ, ಬೆಂಗಳೂರು