ನಿಲ್ಲಿಸಿದ ಹನಿಯ ಬಗ್ಗೆ

ಚಿ. ಸುಮಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಕಾಗದದ ಕೊನೆಯಲ್ಲಿ, ಏನೂ ಅಲ್ಲವೆಂಬಂತೆ, ‘ಕಣ್ಣು ಚೆನ್ನಾಗೇ ಕಾಣ್ತಿದೆ, ಹನಿ ಹಾಕಿದ್ರೆ ಉರಿ, ಅದಕ್ಕೇ ಬಿಟ್ಟಿದೀನಿ’ ಅಂತ ಬರೆದಿದ್ದೀಯಲ್ಲ, ಅದನ್ನು ಓದಿದ ಮೇಲೆ ಮಿಕ್ಕಿದ್ದು ಯಾವುದೂ ತಲೆಗೆ ಹೋಗಲಿಲ್ಲ.

ಚೆನ್ನಾಗಿ ಕಾಣುತ್ತದೆ ಅನ್ನುವುದೇ ನಿನಗಿರುವ ಗ್ಲಾಕೋಮಾ ಅನ್ನುವ ಕಣ್ಣಿನ ಕಾಯಿಲೆಯ ಮೋಸ. ದೃಷ್ಟಿನರದ ಎಳೆಗಳು ಸಾಯುತ್ತಾ ಬಂದಂತೆ ಸಾಮಾನ್ಯವಾಗಿ ಮೊದಲು ಹೋಗುವುದು ಅಕ್ಕಪಕ್ಕದ ನೋಟ. ಒಂದು ಕಣ್ಣು ಕಳೆದುಕೊಂಡಿದ್ದನ್ನು ಇನ್ನೊಂದು ತುಂಬಿಕೊಡುತ್ತದೆ, ಉಳಿದದ್ದನ್ನು ಮಿದುಳು ಊಹಿಸಿಕೊಳ್ಳುತ್ತದೆ. ಅಕ್ಷರದ ಪಟದ ಕೊನೆಯ ಸಾಲು ಓದುವವರಿಗೂ ಬಾಗಿಲ ಚೌಕಟ್ಟಿಗೆ ಭುಜ ತಾಗುತ್ತಿರುತ್ತದೆ. ಹೋದ ನೋಟ ಯಾವ ಔಷಧಿಗೂ ವಾಪಸು ಬರುವುದಿಲ್ಲ. ಹನಿ ಇರುವುದು ಕಣ್ಣಿನೊಳಗಿನ ಒತ್ತಡ ಇಳಿಸಿ ಉಳಿದದ್ದನ್ನು ಕಾಯಲಿಕ್ಕೆ.

ಉರಿ ಸುಳ್ಳು ಅನ್ನುತ್ತಿಲ್ಲ. ಎಷ್ಟೋ ಸಲ ಅದು ಬಾಟಲಿ ಕೆಡದಿರಲೆಂದು ಬೆರೆಸುವ ಬೆಂಜಾಲ್ಕೋನಿಯಂ ಕ್ಲೋರೈಡ್‌ನಿಂದ. ಅದಿಲ್ಲದ ಹನಿಗಳೂ ಇವೆ, ಕೆಲವರಿಗೆ ಲೇಸರ್ ಕೂಡ ಆಗುತ್ತದೆ. ಡಾಕ್ಟರನ್ನು ಕೇಳು. ಕೇಳದೆ ಬಿಟ್ಟರೆ ಮಾತ್ರ ಕೆಲವೇ ವಾರಗಳಲ್ಲಿ ಒತ್ತಡ ಮೊದಲಿದ್ದಲ್ಲಿಗೆ ಏರುತ್ತದೆ, ಏರಿದ್ದು ನಿನಗೆ ಗೊತ್ತೂ ಆಗುವುದಿಲ್ಲ. ನನಗೆ ಹೆದರಿಕೆ ಅದೊಂದೇ.

ನಿಮ್ಮ ಅಜ್ಜನ ಕಣ್ಣಿನ ವಿಷಯ ಮತ್ತೆ ಬರೆಯುವುದಿಲ್ಲ. ಇದು ವಂಶದಲ್ಲಿ ಬರಬಹುದಾದ ಕಾಯಿಲೆ, ಅವರಿಗೆ ಬಂದಾಗಲೇ ಮಕ್ಕಳೆಲ್ಲ ಪರೀಕ್ಷೆ ಮಾಡಿಸಬೇಕಿತ್ತು. ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಹಾಕುವ ರೀತಿ ನಿನಗೆ ಗೊತ್ತಿರಬಹುದು, ಆದರೂ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಕೆಳರೆಪ್ಪೆ ಎಳೆದರೆ ಆಗುವ ಸಣ್ಣ ಜೇಬಿಗೆ ಒಂದೇ ಹನಿ. ಅದೇ ಕಣ್ಣು ಹಿಡಿಸುವುದಕ್ಕಿಂತ ಹೆಚ್ಚು, ಎರಡನೆಯದು ಕೆನ್ನೆಗೆ. ಆಮೇಲೆ ಪಿಳಿಪಿಳಿ ಮಾಡದೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು 2 ನಿಮಿಷ ಮೆಲ್ಲಗೆ ಒತ್ತಿ ಹಿಡಿ. ಒತ್ತದಿದ್ದರೆ ಔಷಧಿ ಮೂಗಿನ ದಾರಿಯಿಂದ ರಕ್ತಕ್ಕೆ ಸೇರುತ್ತದೆ. ಈ ಕಾಯಿಲೆಗೆ ಕೊಡುವ ಟಿಮೊಲಾಲ್ ಎಂಬ ಹನಿ ಹಾಗೆ ಸೇರಿದರೆ ಉಬ್ಬಸ ಕೆರಳಬಹುದು, ನಾಡಿ ನಿಧಾನವಾಗಬಹುದು. ಹೌದು, ನಿನ್ನ ಉಬ್ಬಸದ ವಿಷಯ ಕಣ್ಣಿನ ಡಾಕ್ಟರಿಗೆ ಹೇಳಿದ್ದೀಯಾ? ಎರಡು ಥರ ಹನಿ ಕೊಟ್ಟಿದ್ದರೆ ನಡುವೆ 5 ನಿಮಿಷ ಬಿಡು, ಇಲ್ಲದಿದ್ದರೆ ಎರಡನೆಯದು ಮೊದಲಿನದನ್ನು ತೊಳೆದುಬಿಡುತ್ತದೆ. ಬಾಟಲಿ ತೆರೆದ ತಾರೀಖು ಅದರ ಮೇಲೇ ಬರೆದಿಡು. ಬಹಳಷ್ಟನ್ನು 4 ವಾರಕ್ಕೆ ಎಸೆಯಬೇಕು. ಕಣ್ಣು ಕೆಂಪಾಯಿತೆಂದು ಅಂಗಡಿಯಿಂದ ಸ್ಟೀರಾಯ್ಡ್ ಹನಿ ತಂದು ಹಾಕಬೇಡ, ಅದೇ ಒತ್ತಡ ಏರಿಸುತ್ತದೆ.

ಒತ್ತಡ ಸಾಮಾನ್ಯವೆನ್ನುವ 10ರಿಂದ 21ರೊಳಗಿದೆ (ಪಾದರಸದ ಮಿಲಿಮೀಟರ್ ಲೆಕ್ಕದಲ್ಲಿ) ಅಂತ ಸಮಾಧಾನಪಡಲೂ ಬೇಡ. ಅಷ್ಟರಲ್ಲೇ ಇದ್ದೂ ನರ ಹಾಳಾಗುವವರಿದ್ದಾರೆ. ನಿನಗೆ ಎಷ್ಟಿರಬೇಕೆಂದು ಡಾಕ್ಟರ್ ಗೊತ್ತುಮಾಡಿರುತ್ತಾರೆ, ಅದನ್ನು ಕೇಳಿಕೊ. ಫೀಲ್ಡ್ ಟೆಸ್ಟಿನ, ಅಂದರೆ ಸುತ್ತಲಿನ ನೋಟ ಎಲ್ಲೆಲ್ಲಿ ಹೋಗಿದೆ ಅಂತ ತೋರಿಸುವ ಪರೀಕ್ಷೆಯ, ಹಳೇ ಹಾಳೆಗಳನ್ನು ಜೊತೆಗೆ ಒಯ್ಯಿ. ಹೊಸದರ ಪಕ್ಕ ಇಟ್ಟು ನೋಡಿದರೇ ಕಪ್ಪು ಕಲೆ ಬೆಳೆದಿದೆಯೋ ಇಲ್ಲವೋ ತಿಳಿಯುವುದು.

ನಾಳೆಯೇ ಫೋನ್ ಮಾಡಿ, ಬಿಟ್ಟಿದ್ದೇನೆ ಅಂತ ಇದ್ದದ್ದು ಇದ್ದ ಹಾಗೆ ಹೇಳು. ಮುಚ್ಚಿಟ್ಟರೆ ಈ ಹನಿ ಸಾಲುತ್ತಿಲ್ಲ ಅಂದುಕೊಂಡು ಇನ್ನೊಂದನ್ನು ಸೇರಿಸುತ್ತಾರೆ. ತಮ್ಮನನ್ನೂ ಕರೆದುಕೊಂಡು ಹೋಗು. ಬರೀ ಕನ್ನಡಕದ ನಂಬರ್ ನೋಡಿ ಕಳಿಸಿದರೆ ಲೆಕ್ಕಕ್ಕಿಲ್ಲ; ಒತ್ತಡ, ನರ, ಕಣ್ಣಿನೊಳಗಿನ ನೀರು ಹೊರಹೋಗುವ ಕೋನ ಮೂರನ್ನೂ ನೋಡಿಸಬೇಕು.

ಇಂತಿ,
ದೊಡ್ಡಪ್ಪ