ಅತ್ತಿಗೆಗೆ, ಮತ್ತೆ ನಿಮಗೆಲ್ಲರಿಗೂ

ಮಗಳಿಗೆ ವರ್ಷ ತುಂಬಿತು. ನಾನು ಸಿಗರೇಟು ಮತ್ತೆ ಮುಟ್ಟಿಲ್ಲ. ಎರಡಕ್ಕೂ ಹಾರೈಸಿದ ನಿಮಗೆಲ್ಲ ತುಂಬಾ ಥ್ಯಾಂಕ್ಸ್. ಬಸುರಿಯಾಗಿದ್ದಾಗ ಹೇಗೆ ಬಿಟ್ಟೆ ಅನ್ನೋದು ನಿಮಗೆ ಗೊತ್ತೇ ಇದೆ.

ನಿಜವಾದ ಕಷ್ಟ ಶುರುವಾಗಿದ್ದು ಹೆರಿಗೆ ಆದಮೇಲೆ. ಮಗು ಹೊಟ್ಟೆಯಲ್ಲಿದ್ದಾಗ ಎಲ್ಲರೂ ಕೇಳುತ್ತಿದ್ದರು, 'ಸೇದ್ತಿಲ್ಲ ಅಲ್ವಾ?' ಅಂತ. ಹುಟ್ಟಿದ ಮೇಲೆ ಆ ಪ್ರಶ್ನೆ ನಿಂತೇ ಹೋಯಿತು. ನಿದ್ದೆ ಇಲ್ಲ, ಮೈಯೆಲ್ಲ ನೋವು, ಸುಮ್ನೆ ಅಳು. ಬಸುರಿನಲ್ಲಿ ಬಿಟ್ಟ ಎಷ್ಟೋ ಹೆಂಗಸರು ಹೆರಿಗೆಯಾದ ಕೆಲವೇ ತಿಂಗಳಲ್ಲಿ ಮತ್ತೆ ಯಾಕೆ ಶುರು ಮಾಡುತ್ತಾರೆ ಅಂತ ಆಗ ಅರ್ಥವಾಯಿತು.

ಅತ್ತಿಗೆ, ಮುಂದಿನದು ನಿಮಗೆ. ಆ ರಾತ್ರಿ ಮಗು ಒಂದೇ ಸಮನೆ ಅಳುತ್ತಿತ್ತು. ಹಳೇ ಜಾಕೆಟ್ಟಿನ ಜೇಬಿನಲ್ಲಿ ಉಳಿದಿದ್ದ ಪ್ಯಾಕು ನನ್ನ ಕೈಗೆ ಸಿಕ್ಕಿತ್ತು. ನೀವು ಅದನ್ನು ಕಿತ್ತುಕೊಳ್ಳಲಿಲ್ಲ, ಹೆದರಿಸಲೂ ಇಲ್ಲ. ಎದೆಹಾಲಿಗೆ ನಿಕೋಟಿನ್ ಇಳಿಯುತ್ತದೆ, ಮನೆಯಲ್ಲಿ ಹೊಗೆ ಇದ್ದರೆ ಕೂಸು ನಿದ್ದೆಯಲ್ಲೇ ತೀರಿಹೋಗುವ ಅಪಾಯ ಜಾಸ್ತಿ, ಎಲ್ಲಾ ನನಗೆ ಗೊತ್ತಿತ್ತು. ಗೊತ್ತಿದ್ದೂ ಕೈ ನಡುಗುತ್ತಿತ್ತು. ಮಗುವನ್ನು ಹೆಗಲಿಗೆ ಹಾಕಿಕೊಂಡು ನೀವು, 'ಐದು ನಿಮಿಷ ತಡಿ. ಆಮೇಲೂ ಬೇಕು ಅನ್ನಿಸಿದರೆ ಮಾತಾಡೋಣ' ಅಂದಿರಿ. ಅಷ್ಟರಲ್ಲಿ ಆಸೆ ನಿಜಕ್ಕೂ ಇಳಿಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು. ನೀವು ಮತ್ತೆ ಅದೇ ಮಾತು ಹೇಳಿದಿರಿ. ನಡುವೆ ತಣ್ಣೀರು ಕುಡಿಸಿದಿರಿ, ಬೆನ್ನು ಸವರಿದಿರಿ. ಬೆಳಗಾಗುವವರೆಗೂ ಹೀಗೇ.

ನಾನು ತಾಯಿಯಾಗಲೇ ಬಾರದಿತ್ತು ಅಂತ ಬಿಕ್ಕಿದೆ. 'ಹಾಗೆಲ್ಲ ಅನ್ನಬೇಡ' ಅನ್ನಲಿಲ್ಲ ನೀವು. ಪೂರ್ತಿ ಕೇಳಿಸಿಕೊಂಡಿರಿ. ಬೆಳಗ್ಗೆ ಮನೆಯಲ್ಲಿ ಯಾರಿಗೂ ಒಂದು ಮಾತೂ ಹೇಳಲಿಲ್ಲ. ಇದನ್ನು ಬರೆಯುವಾಗಲೂ ಕಣ್ಣು ತುಂಬುತ್ತಿದೆ. ಆ ರಾತ್ರಿಯ ಋಣ ನನ್ನಿಂದ ತೀರಿಸೋಕೆ ಆಗಲ್ಲ, ಅತ್ತಿಗೆ.

ಲಸಿಕೆಗೆ ಹೋದಾಗಲೆಲ್ಲ ಮಗುವಿನ ತೂಕದ ಜೊತೆ ನನ್ನನ್ನೂ ವಿಚಾರಿಸಿ, 'ಅಕಸ್ಮಾತ್ ಒಂದು ಸೇದಿದರೂ ಹಾಲು ಕುಡಿಸೋದು ನಿಲ್ಲಿಸಬೇಡಿ, ಮುಚ್ಚಿಡದೆ ಬಂದು ಹೇಳಿ' ಅಂದ ನರ್ಸ್‌ಗೆ, ನನ್ನ ಜೊತೆ ತಾನೂ ಬಿಟ್ಟ ಗಂಡನಿಗೆ, ನನ್ನೆದುರು ಪ್ಯಾಕು ತೆಗೆಯದ ಗೆಳತಿಯರಿಗೆ ಮನಸಾರೆ ವಂದನೆ.

ಇದನ್ನು ಓದುತ್ತಿರುವ ಯಾವ ಬಾಣಂತಿಗಾದರೂ ರಾತ್ರಿ ತಡೆಯೋಕೆ ಆಗದಷ್ಟು ಆಸೆಯಾದರೆ ನನಗೆ ಫೋನ್ ಮಾಡಿ. ಎಷ್ಟೊತ್ತಾದರೂ ಸರಿ. ಮಗಳಿಗೆ ಹಲ್ಲು ಬರುತ್ತಿದೆ, ಹೇಗೂ ಎಚ್ಚರವಾಗಿರುತ್ತೇನೆ.