ಸೆಟ್ ಅಂದರೆ ಯಾವ ಸೆಟ್?

ಮಾನ್ಯ ಸಂಪಾದಕರೇ,

ಎಂಟನೇ ಕ್ಲಾಸಿನ ಮಗಳು ಮೊನ್ನೆ 'ಸೆಟ್' ಅಂದರೇನಪ್ಪ ಅಂತ ಕೇಳಿದಳು. ಸುಮ್ನೆ ದೋಸೆ ಅಂದುಬಿಟ್ಟೆ. ಆಮೇಲೆ ಯೋಚಿಸಿದರೆ, ನಮ್ಮ ಮಂಡ್ಯದಲ್ಲೇ ಗದ್ದೆಗೆ ಪಂಪ್‌ಸೆಟ್ ಇದೆ, ಹುಡುಗಿಗೆ ಗಂಡು ಸೆಟ್ ಆಗುತ್ತದೆ, ಸಿನಿಮಾದವರು ಸೆಟ್ ಹಾಕುತ್ತಾರೆ, ಗಣಿತದ ಮೇಷ್ಟ್ರ ಸೆಟ್ಟೇ ಬೇರೆ, ಕೊನೆಗೆ ಅಲಾರಂ ಕೂಡ ಸೆಟ್ ಮಾಡಬೇಕು! 1989ರ ಆಕ್ಸ್‌ಫರ್ಡ್ ನಿಘಂಟಿನ ಎರಡನೇ ಆವೃತ್ತಿಯಲ್ಲಿ ಈ ಮೂರಕ್ಷರದ ಇಂಗ್ಲಿಷ್ ಪದಕ್ಕೆ 430 ಅರ್ಥ ಕೊಟ್ಟಿದ್ದಾರೆ. ಈಗ 'ರನ್' ಅದನ್ನೂ ಹಿಂದೆ ಹಾಕಿದೆ, ಕ್ರಿಯಾಪದವಾಗಿಯೇ 645 ಅರ್ಥವಂತೆ. ನಮ್ಮ 'ಹೊಡೆ' ಏನು ಕಮ್ಮಿ? ನಿದ್ದೆ, ಹರಟೆ, ಗಾಡಿ, ಲಾಟರಿ ಎಲ್ಲವನ್ನೂ ಹೊಡೆಯುತ್ತೇವಲ್ವಾ. ಪರೀಕ್ಷೆಗೆ ಒಂದೇ ಅರ್ಥ ಬಾಯಿಪಾಠ ಮಾಡಿಸುವ ಬದಲು, ಟೀಚರುಗಳು ಮಕ್ಕಳಿಂದ ಹೀಗೆ ವಾಕ್ಯ ಕಟ್ಟಿಸಲಿ.

– ಒಬ್ಬ ಓದುಗ, ಮಂಡ್ಯ